‘ನಮ್ಮ ಮನೆಯಲ್ಲಿ’ ಎಂದು ಶುರುವಾಗುವ ಪಾಠ

ಸಮಾಜ ವಿಜ್ಞಾನದ ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ಅನ್ಯ ಸಂಸ್ಕೃತಿಗಳನ್ನು ಗೌರವಿಸುವರು’ ಎಂಬ ಸಾಲು ತಪ್ಪದೆ ಇರುತ್ತದೆ. ಆ ಗೌರವ ತರಗತಿಯಲ್ಲಿ ಹೇಗೆ ಮೂಡಬೇಕು ಎಂಬುದನ್ನು ಮಾತ್ರ ಯೋಜನೆ ಹೇಳುವುದಿಲ್ಲ. ಬಹಳ ವರ್ಷ ಆ ಸಾಲನ್ನು ಬರೆಸಿದವರಲ್ಲಿ ನಾನೂ ಒಬ್ಬ. ಗುರುಗುಂಟಾ ಭಾಗದ ಒಂದು ಪ್ರೌಢಶಾಲೆಯಲ್ಲಿ, ಪ್ರಶಿಕ್ಷಣಾರ್ಥಿಗಳ ಎದುರು, ನಾನೇ ಕೊಟ್ಟ ಪ್ರಾತ್ಯಕ್ಷಿಕೆ ಪಾಠ ಕೆಟ್ಟ ಮೇಲೆ ಅದರ ಬಗ್ಗೆ ಯೋಚಿಸಬೇಕಾಯಿತು.

ನಮ್ಮ ಕಡೆ ಸಾಂಸ್ಕೃತಿಕ ವೈವಿಧ್ಯಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ಹತ್ತಿರದಲ್ಲೇ ಹಟ್ಟಿ ಚಿನ್ನದ ಗಣಿ. ಕೆಲಸಕ್ಕಾಗಿ ಹಲವು ಊರಿನವರು ಬಂದು ನೆಲೆಸಿದ ಜಾಗ. ಸಿಂಧನೂರು ಕಡೆ ತುಂಗಭದ್ರಾ ಕಾಲುವೆಯ ನೀರು ಹಿಡಿದು ಬಂದ ತೆಲುಗು ರೈತರ ಕ್ಯಾಂಪ್‌ಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪ್‌ಗಳು. ತಾಂಡಾಗಳ ಲಂಬಾಣಿ, ಓಣಿಗಳ ಉರ್ದು ಬೇರೆ. ಇನ್ನು ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮುದಗಲ್ ಮೊಹರಂ ನಾಡಿಗೇ ಗೊತ್ತು. ನಾನು ಆರಿಸಿಕೊಂಡದ್ದು ಅದನ್ನೇ.

ಪಾಠ ಕೆಟ್ಟದ್ದು ಹೀಗೆ. ಅಲಾಯಿ ಕುಣಿ, ಪಂಜಾ, ಹೆಜ್ಜೆ ಕುಣಿತ ಎಲ್ಲ ಹೇಳಿಸಿದೆ. ಮಕ್ಕಳು ಉತ್ಸಾಹದಿಂದ ಹೇಳಿದರು. ಆಮೇಲೆ ಮೂರನೇ ಸಾಲಿನ ಮುಸ್ಲಿಂ ಹುಡುಗನೊಬ್ಬನನ್ನು ಎಬ್ಬಿಸಿ, “ನಿಮ್ಮ ಹಬ್ಬದ ಬಗ್ಗೆ ನೀನೇ ಹೇಳಪ್ಪ” ಎಂದೆ. ಅವನು ತಲೆ ತಗ್ಗಿಸಿ, “ನಮ್ಮನ್ಯಾಗ ಅಲಾಯಿ ಮಾಡಂಗಿಲ್ರಿ ಸರ್” ಎಂದ. ಹಿಂದಿನಿಂದ ಯಾರೋ, “ಮತ್ತ ನೀ ಎಂಥಾ ಸಾಬನೋ?” ಎಂದರು. ತರಗತಿ ನಕ್ಕಿತು. ನಾನು ಗಡಿಬಿಡಿಯಲ್ಲಿ, “ಇರಲಿ, ಎಲ್ಲ ಹಬ್ಬಗಳೂ ಒಂದೇ, ನಾವೆಲ್ಲ ಒಂದೇ” ಎಂದು ಪಾಠ ಮುಗಿಸಿದೆ. ಮರುದಿನ ಆ ಹುಡುಗ ಶಾಲೆಗೆ ಬರಲಿಲ್ಲ.

ಆ ಸಂಜೆ ಪ್ರಶಿಕ್ಷಣಾರ್ಥಿಗಳ ಜೊತೆ ಕೂತು ಲೆಕ್ಕ ಹಾಕಿದಾಗ ಎರಡು ತಪ್ಪು ಸಿಕ್ಕವು. ಒಬ್ಬ ಹುಡುಗನನ್ನು ಒಂದು ಇಡೀ ಸಮುದಾಯದ ಪ್ರತಿನಿಧಿಯನ್ನಾಗಿ ಮಾಡಿದ್ದೆ. ಸಮುದಾಯದ ಒಳಗೇ ಬೇರೆ ಬೇರೆ ಅಭಿಪ್ರಾಯ ಇರುತ್ತವೆ ಎಂಬುದನ್ನು ಮರೆತಿದ್ದೆ. ಅಲಾಯಿ ಕೂಡಿಸುವ ಮನೆಗಳಿವೆ, ಅದನ್ನು ಒಪ್ಪದ ಮುಸ್ಲಿಂ ಮನೆಗಳೂ ಇವೆ. ಫಕೀರರಾಗುವ ಹಿಂದೂಗಳಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ಎರಡನೆಯ ತಪ್ಪು, ‘ಎಲ್ಲ ಒಂದೇ’ ಎಂದದ್ದು. ಭಿನ್ನವಾಗಿ ನಿಂತ ಒಬ್ಬನ ಮಾತನ್ನು ಆ ಒಳ್ಳೆಯ ಘೋಷಣೆಯೇ ಮುಚ್ಚಿಬಿಟ್ಟಿತು.

ಹುಡುಗ ಮರಳಿ ಬಂದ ದಿನ ಅವನನ್ನು ಪಕ್ಕಕ್ಕೆ ಕರೆದು, ತಪ್ಪು ನನ್ನದು ಎಂದೆ. ಮತ್ತೆ ಅದೇ ಪಾಠ ಮಾಡಲು ಅವನು ಒಪ್ಪಿದ ಮೇಲೆ ಈ ಕ್ರಮದಲ್ಲಿ ಮಾಡಿದೆ.

1. ಮೊದಲು ಬರವಣಿಗೆ. ಪ್ರತಿಯೊಬ್ಬರೂ ‘ನಮ್ಮ ಮನೆಯಲ್ಲಿ...’ ಎಂದು ಆರಂಭಿಸಿ ಮೂರು ವಾಕ್ಯ ಬರೆಯಬೇಕು. ‘ನಮ್ಮವರಲ್ಲಿ’, ‘ಅವರಲ್ಲಿ’ ಎಂಬ ಪದ ಬಳಸುವಂತಿಲ್ಲ. ಓದುವುದು ಅವರವರ ಇಷ್ಟ.

2. ಕರಿಹಲಗೆಯ ಮೇಲೆ ಮೂರು ಅಂಕಣ: ಸಂಗತಿ, ನಂಬಿಕೆ, ಕೇಳಿದ ಮಾತು. ಕ್ರಿ.ಶ. 680ರಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಹತರಾದದ್ದು ಸಂಗತಿ. ಹರಕೆ ಫಲಿಸುತ್ತದೆ ಎಂಬುದು ನಂಬಿಕೆ. ‘ಅವರೆಲ್ಲ ಹಂಗ’ ಎಂಬುದು ಕೇಳಿದ ಮಾತು. ಸಂಗತಿಯನ್ನು ಪರೀಕ್ಷಿಸಬಹುದು, ನಂಬಿಕೆಯನ್ನು ಅರಿಯಬಹುದು, ಕೇಳಿದ ಮಾತನ್ನು ಪ್ರಶ್ನಿಸಲೇಬೇಕು.

3. ಉತ್ತರಿಸುವ ಮೊದಲು ಒಪ್ಪಿಸುವುದು. ಇನ್ನೊಬ್ಬರ ಮಾತಿಗೆ ಉತ್ತರ ಕೊಡಬೇಕಾದವರು ಮೊದಲು ಆ ಮಾತನ್ನೇ ತಿರುಗಿ ಹೇಳಬೇಕು. ಮಾತಾಡಿದವರು ‘ಹೌದು, ನಾ ಹೇಳಿದ್ದು ಇದೇ’ ಎನ್ನುವ ತನಕ ಮುಂದೆ ಹೋಗುವಂತಿಲ್ಲ.

ಪಾಠದ ಜೀವ ಇದ್ದದ್ದು ಮೂರನೆಯದರಲ್ಲಿ. ಒಬ್ಬ ಹುಡುಗಿ ತನ್ನಣ್ಣ ಸಣ್ಣವನಿದ್ದಾಗ ಜಡ್ಡು ಬಿದ್ದದ್ದು, ಅವ್ವ ಹರಕೆ ಹೊತ್ತದ್ದು, ಅಣ್ಣ ವರ್ಷಾ ಫಕೀರನಾಗುವುದು ಎಲ್ಲ ಓದಿದಳು. ಆ ಹುಡುಗ ತಾನಾಗಿಯೇ ಎದ್ದು ತನ್ನ ಮನೆಯ ಮಾತು ಓದಿದ. ಹುಡುಗಿ ಅದನ್ನು ಒಪ್ಪಿಸಿದಳು: “ಅವ್ರ ಮನ್ಯಾಗ ಹುಸೇನರ ಮ್ಯಾಲ ಗೌರವ ಐತ್ರಿ, ಆದ್ರ ಅಲಾಯಿ ಕೂಡ್ಸೋದು ತಪ್ಪು ಅಂತಾರ.” ಅವನು ತಿದ್ದಿದ: “ಮಂದಿಗೆ ತಪ್ಪು ಅನ್ನಂಗಿಲ್ಲ. ನಮಗ ಬ್ಯಾಡ ಅಂತಾರ.” ಅವಳು ಮತ್ತೆ ಸರಿಯಾಗಿ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಇಬ್ಬರೂ ತಮ್ಮ ಮನೆಯ ಅಭಿಪ್ರಾಯ ಬದಲಿಸಲಿಲ್ಲ. ಬದಲಿಸಬೇಕೆಂದು ನಾನೂ ಬಯಸಲಿಲ್ಲ.

ಇದು ಹೊಸ ವಿಧಾನವೇನಲ್ಲ ಎಂದು ತೋರಿಸಲು ಕೊನೆಗೆ ಅಶೋಕನ ಶಾಸನಗಳ ಮಾತು ತಂದೆ. ನಮ್ಮ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದಾಗಲೇ ‘ದೇವಾನಾಂಪ್ರಿಯ’ನೇ ಅಶೋಕ ಎಂಬುದು ಖಚಿತವಾದದ್ದು ಮಕ್ಕಳಿಗೆ ಗೊತ್ತಿತ್ತು. ಅದೇ ರಾಜನ ಹನ್ನೆರಡನೆಯ ಶಿಲಾಶಾಸನದ ಭಾಗ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಸಮಯವಲ್ಲದ ಸಮಯದಲ್ಲಿ ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯದೆ ನಾಲಗೆಯನ್ನು ಹಿಡಿತದಲ್ಲಿಡಬೇಕು, ಪರಸ್ಪರರ ಧರ್ಮವನ್ನು ಕೇಳಿಸಿಕೊಳ್ಳಬೇಕು ಎಂಬುದು ಆ ಶಾಸನದ ಆಶಯ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಎಲ್ಲವನ್ನೂ ‘ಅವರವರ ಅಭಿಪ್ರಾಯ’ ಎಂದು ಬಿಡುವಂತಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ಅದು ಸರಿಯೋ ತಪ್ಪೋ ಎಂದು ಚರ್ಚೆಗೆ ಇಟ್ಟರೆ ತರಗತಿಯ ಕೆಲವು ಮಕ್ಕಳ ಘನತೆಯನ್ನೇ ಚರ್ಚೆಗೆ ಇಟ್ಟಂತೆ. ಆಚರಣೆ, ನಂಬಿಕೆ, ಊಟ, ಭಾಷೆ ಇವುಗಳಲ್ಲಿ ಭಿನ್ನತೆಗೆ ಜಾಗವಿದೆ; ಒಬ್ಬರನ್ನು ಕೀಳು ಎನ್ನುವುದಕ್ಕೆ ಇಲ್ಲ. ಈ ಗೆರೆಯನ್ನು ಪಾಠದ ಆರಂಭದಲ್ಲೇ ಹೇಳಿಬಿಡಿ.

ಮೌಲ್ಯಮಾಪನಕ್ಕೆ ದೊಡ್ಡ ಪರೀಕ್ಷೆ ಬೇಕಿಲ್ಲ. ತಾನು ಒಪ್ಪದ ಒಂದು ಅಭಿಪ್ರಾಯವನ್ನು, ಅದನ್ನು ನಂಬುವವರು ಮೆಚ್ಚುವಂತೆ, ನಾಲ್ಕು ವಾಕ್ಯಗಳಲ್ಲಿ ಬರೆಯಲು ವಿದ್ಯಾರ್ಥಿಗೆ ಬಂದರೆ ಉದ್ದೇಶ ಈಡೇರಿದಂತೆ. ಪಾಠ ವೀಕ್ಷಿಸುವ ಸಹಪಾಠಿಗಳು ತಮ್ಮ ಅವಲೋಕನ ಪುಸ್ತಕದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಲಿ: ಇವತ್ತು ಈ ತರಗತಿಯಲ್ಲಿ ಯಾರು ಮಾತಾಡಲಿಲ್ಲ, ಏಕೆ?