ಹೆಸರಿಲ್ಲದ ತೂಬುಗಳ ನಕ್ಷೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಎರಡು ಬಂಡೆ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಮರುವರ್ಷವೇ ಅವುಗಳ ಪಾಠ ಅಚ್ಚಾಯಿತು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಬರಹವನ್ನು ಇಷ್ಟು ಬೇಗ ಓದಲು ಸಾಧ್ಯವಾದದ್ದು ಅದಕ್ಕೂ ಸುಮಾರು ನೂರು ವರ್ಷ ಮೊದಲು ಕಲ್ಕತ್ತೆಯಲ್ಲಿ ನಡೆದಿದ್ದ ಕೆಲಸದಿಂದ. ಸಾಂಚಿಯ ಸ್ತೂಪದ ಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳು ಒಂದೇ ಬಗೆಯ ಅಕ್ಷರಗಳಲ್ಲಿ ಮುಗಿಯುವುದನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಗಮನಿಸಿದ. ಭಕ್ತರು ಕೊಟ್ಟ ಕಲ್ಲುಗಳಾದರೆ ಕೊನೆಯ ಪದ ‘ದಾನಂ’ ಎಂದಿರಬೇಕೆಂದು ಊಹಿಸಿದ. ಆ ಎಳೆ ಹಿಡಿದು ಹೋದಂತೆ ಬ್ರಾಹ್ಮಿಯ ಅಕ್ಷರಮಾಲೆ ಬಿಚ್ಚಿಕೊಂಡಿತು.

ಹೇಳಿಕೊಡುವವರಿಲ್ಲದೆ ಓದುವ ಈ ವಿದ್ಯೆ ಇಂದು ಕಂಪ್ಯೂಟರಿನ ಒಡಲಲ್ಲಿಯೂ ಬೇಕಾಗಿದೆ. ಬ್ರಾಹ್ಮಿ ಬರೆದವರು ಸತ್ತು ಶತಮಾನಗಳಾಗಿದ್ದವು. ಇಲ್ಲಿ ಬರೆದವರು ಬದುಕಿದ್ದಾರೆ, ಆದರೆ ಬಾಯಿ ಬಿಡುವುದಿಲ್ಲ.

ಓದಬೇಕಾದದ್ದು ‘ರಿಜಿಸ್ಟರ್’ಗಳನ್ನು. ಆ ಪದ ಕೇಳಿದೊಡನೆ ತಹಶೀಲ್ದಾರ್ ಕಚೇರಿಯ ದಪ್ಪ ಪುಸ್ತಕ ನೆನಪಾಗುವುದು ಸಹಜ. ಚಿಪ್‌ನೊಳಗಿನ ರಿಜಿಸ್ಟರ್ ಒಂದು ಪುಟ್ಟ ಗೂಡು. ಅದರಲ್ಲಿ ಹಿಡಿಸುವುದು ಸಾಮಾನ್ಯವಾಗಿ 32 ಸೊನ್ನೆ-ಒಂದುಗಳ ಸಾಲು. ಅಲ್ಲಿ ಬರೆದದ್ದು ಕೂಡಲೇ ಕೆಲಸವಾಗಿಬಿಡುತ್ತದೆ. ಒಂದು ಸೊನ್ನೆಯನ್ನು ಒಂದಾಗಿಸಿದರೆ ಪರದೆ ಬೆಳಗೀತು, ಇನ್ನೊಂದನ್ನು ಬದಲಿಸಿದರೆ ಫ್ಯಾನು ನಿಂತೀತು. ಕಾಲುವೆಯ ತೂಬಿಗೆ ಹೋಲಿಸಿದರೆ ವಿಷಯ ಸುಲಭವಾಗುತ್ತದೆ.

ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿಯ ಭತ್ತದ ಬಯಲನ್ನು ಹಾದು ರಾಯಚೂರು ಜಿಲ್ಲೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಅದು ವಿತರಣಾ ಕಾಲುವೆಗಳಾಗಿ, ಉಪಕಾಲುವೆಗಳಾಗಿ, ಕೊನೆಗೆ ಹೊಲಗಾಲುವೆಗಳಾಗಿ ಕವಲೊಡೆಯುತ್ತದೆ. ಯಾವ ಕವಲಿನಲ್ಲಿ, ಎಷ್ಟು ದೂರದಲ್ಲಿ, ಯಾವ ತೂಬಿದೆ ಎಂಬ ನಕ್ಷೆ ಕೈಯಲ್ಲಿದ್ದರೆ ನಿನ್ನೆ ಕೆಲಸಕ್ಕೆ ಸೇರಿದ ನೀರುಗಂಟಿಯೂ ನಿಭಾಯಿಸಬಲ್ಲ. ಕಂಪ್ಯೂಟರಿನಲ್ಲಿ ಇಂಥ ನಕ್ಷೆಗೆ ‘ಡಿವೈಸ್ ಟ್ರೀ’ ಎನ್ನುತ್ತಾರೆ, ಅಂದರೆ ಸಾಧನಗಳ ಮರ. ಯಾವ ಸಾಧನ ಯಾವ ಕೊಂಬೆಯ ಮೇಲಿದೆ, ಅದರ ರಿಜಿಸ್ಟರುಗಳು ಯಾವ ವಿಳಾಸದಿಂದ ಆರಂಭವಾಗಿ ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಅದು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸುತ್ತದೆ. 1994ರ ‘ಓಪನ್ ಫರ್ಮ್‌ವೇರ್’ ಮಾನಕದಿಂದ ಬಂದ ಪದ್ಧತಿಯಿದು. ಮೊಬೈಲುಗಳಲ್ಲಿ ಬಳಕೆಯಾಗುವ ಆರ್ಮ್ ಚಿಪ್‌ಗಳಿಗಾಗಿ ಲಿನಕ್ಸ್‌ನಲ್ಲಿ ಒಂದೊಂದು ಹಲಗೆಗೂ ಬೇರೆ ಬೇರೆ ಸಂಕೇತ ಬರೆಯುತ್ತಿದ್ದ ರಾಶಿಯನ್ನು ಕಂಡು ಲೈನಸ್ ಟೊರ್ವಾಲ್ಡ್ಸ್ 2011ರಲ್ಲಿ ಬಹಿರಂಗವಾಗಿ ಸಿಡುಕಿದ ಮೇಲೆ, ಆ ಕಡೆಯೂ ಈ ಮರವೇ ನೆಲೆಯೂರಿತು.

ನಕ್ಷೆಯನ್ನು ಹೇಗೆ ಬರೆಯಬೇಕೆಂಬುದಕ್ಕೆ ಕಟ್ಟಳೆಗಳುಂಟು. ಅವಕ್ಕೆ ‘ಬೈಂಡಿಂಗ್’ ಎಂದು ಹೆಸರು. ಮುಖ್ಯವಾದವು ಎರಡು. ಇರುವ ಯಂತ್ರವನ್ನು ವರ್ಣಿಸಬೇಕೇ ಹೊರತು ಅದರಿಂದ ಏನು ಮಾಡಿಸಬೇಕೆಂದು ನಕ್ಷೆಯಲ್ಲಿ ಆಜ್ಞೆ ಬರೆಯಕೂಡದು. ಒಮ್ಮೆ ಒಪ್ಪಿದ ವರ್ಣನೆಯನ್ನು ಮುರಿಯಕೂಡದು, ಏಕೆಂದರೆ ಇಂದಿನ ಯಂತ್ರದೊಳಗಿನ ನಕ್ಷೆಯನ್ನು ಹತ್ತು ವರ್ಷದ ಅನಂತರದ ಲಿನಕ್ಸ್ ಕೂಡ ಓದಬೇಕು. ತಯಾರಕರು ಚಿಪ್‌ನ ಕೈಪಿಡಿ ಕೊಟ್ಟಿದ್ದರೆ ಇವೆರಡೂ ಕಷ್ಟವಲ್ಲ. ಕೊಡದಿದ್ದಾಗ?

ಆಪಲ್ ಕಂಪೆನಿ 2020ರ ನವೆಂಬರಿನಲ್ಲಿ ಎಂ1 ಚಿಪ್‌ನ ಕಂಪ್ಯೂಟರುಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಎದುರಾದದ್ದು ಇದೇ ಪ್ರಶ್ನೆ. ಕೈಪಿಡಿ ಇರಲಿಲ್ಲ. ಅವುಗಳ ಮೇಲೆ ಲಿನಕ್ಸ್ ಓಡಿಸಲು ಹೊರಟ ‘ಅಸಾಹಿ ಲಿನಕ್ಸ್’ ತಂಡ ಎಂ1ಎನ್1 ಎಂಬ ಸಣ್ಣ ತಂತ್ರಾಂಶವನ್ನು ಬರೆದು, ಆಪಲ್‌ನ ಸ್ವಂತ ವ್ಯವಸ್ಥೆಯ ಅಡಿಯಲ್ಲಿ ಅದನ್ನು ಕೂರಿಸಿತು. ಮೇಲಿನ ವ್ಯವಸ್ಥೆ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ, ಅದು ಯಾವ ವಿಳಾಸಕ್ಕೆ ಯಾವ ಅಂಕಿ ಬರೆಯಿತು, ಏನು ಓದಿತು ಎಂಬುದನ್ನು ಕೆಳಗೆ ಕುಳಿತದ್ದು ಬರೆದಿಟ್ಟುಕೊಳ್ಳುತ್ತದೆ. ಕತ್ತಲಲ್ಲಿ ನೀರುಗಂಟಿಯ ಹಿಂದೆಯೇ ನಡೆದು, ಅವನು ಯಾವ ತೂಬು ಎತ್ತಿದಾಗ ಯಾರ ಗದ್ದೆಗೆ ನೀರು ಬಂತೆಂದು ನೋಡಿದ ಹಾಗೆ. ಪರದೆ ಬೆಳಗುವ ಮುನ್ನ ಪ್ರತಿ ಸಲವೂ ಬರುವ ಬರವಣಿಗೆ ಯಾವುದು ಎಂದು ಹುಡುಕುವಾಗ ಸಾಂಚಿಯ ‘ದಾನಂ’ ಮತ್ತೆ ಕಾಣುತ್ತದೆ. ಎಂ1ನ ಪ್ರಾಥಮಿಕ ಬೆಂಬಲ 2021ರ ಜೂನ್‌ನಲ್ಲಿ ಹೊರಬಂದ ಲಿನಕ್ಸ್ 5.13ಕ್ಕೆ ಸೇರಿತು.

ಎಲ್ಲ ತೂಬುಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. ಕೆಲವಕ್ಕೆ ಬರೆಯುವುದು ಕಾಣುತ್ತದೆ, ಪರಿಣಾಮ ಕಾಣುವುದಿಲ್ಲ. ಅವಕ್ಕೆ ಚಂದದ ಹೆಸರಿಟ್ಟುಬಿಡುವ ಆಸೆ ಯಾರಿಗಾದರೂ ಬರುತ್ತದೆ. ಶಾಸನ ಓದಿದವರಿಗೂ ಈ ಆಸೆ ಬರಬಹುದಿತ್ತು. ಪ್ರಿನ್ಸೆಪ್ ಓದಿದ ಬರಹಗಳಲ್ಲಿ ಇದ್ದದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಮಾತು ಮಾತ್ರ. ಸಿಂಹಳದ ಗ್ರಂಥಗಳ ಬಲದಿಂದ ಇವನು ಅಶೋಕನಿರಬೇಕೆಂಬ ಊಹೆ ಬೇಗನೆ ಹುಟ್ಟಿತು. ಆದರೂ ಅದು ವ್ಯಾಖ್ಯಾನದಲ್ಲಿ ಉಳಿಯಿತು, ಪಾಠದೊಳಗೆ ನುಗ್ಗಲಿಲ್ಲ. ಅಶೋಕ ಎಂಬ ಹೆಸರನ್ನೇ ಕೆತ್ತಿದ ಬಂಡೆ ಕೊಪ್ಪಳದ ನೆರೆಯ ಮಸ್ಕಿಯಲ್ಲಿ ಸಿಕ್ಕದ್ದು 1915ರಲ್ಲಿ.

ನಕ್ಷೆ ಬರೆಯುವವರು ಪಾಲಿಸಬೇಕಾದ ಶಿಸ್ತೂ ಇದೇ. ತಿಳಿದದ್ದು ವಿಳಾಸ ಮತ್ತು ಅಳತೆ ಮಾತ್ರವಾದರೆ ಅಷ್ಟನ್ನೇ ಬರೆಯಬೇಕು. ಊಹೆಯನ್ನು ತಂತ್ರಾಂಶದ ಟಿಪ್ಪಣಿಯಲ್ಲಿ ಇಟ್ಟರೆ ನಾಳೆ ತಿದ್ದಬಹುದು. ನಕ್ಷೆಗೆ ಸೇರಿಸಿದರೆ ತಪ್ಪು ಹೆಸರು ಹತ್ತಾರು ವರ್ಷ ಅಂಟಿಕೊಳ್ಳುತ್ತದೆ. ಆಪಲ್ ಯಂತ್ರಗಳ ಯುಎಸ್‌ಬಿ-ಸಿ ಕಿಂಡಿಯ ವಿಷಯ ಇನ್ನೂ ಬಿಗಿಯಾದದ್ದು. ಅಲ್ಲಿ ಯಾವ ರಿಜಿಸ್ಟರ್, ಅದರ ಯಾವ ಭಾಗ, ಏನು ಬೆಲೆ ಎಂಬ ಮೂರು ಮೂರು ಅಂಕಿಗಳ ಪಟ್ಟಿಯನ್ನು ಮೊದಲೇ ತುಂಬಬೇಕು, ಮತ್ತು ಆ ಬೆಲೆಗಳು ಒಂದೊಂದು ಯಂತ್ರಕ್ಕೂ ಬೇರೆ. ಇದು ವರ್ಣನೆಯೋ ಆಜ್ಞೆಯೋ? ಬರೀ ಅಂಕಿಗಳ ಪಟ್ಟಿಯನ್ನು ಮರಕ್ಕೆ ತೂಗುಹಾಕುವುದನ್ನು ಲಿನಕ್ಸ್‌ನ ಹಿರಿಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಲ್ಲಿ ಬೇರೆ ದಾರಿ ಕಾಣದೆ, ಯಂತ್ರ ಎಚ್ಚರಗೊಳ್ಳುವಾಗ ಎಂ1ಎನ್1 ತಂದುಕೊಡುವ ಹೊಂದಾಣಿಕೆಯ ಅಂಕಿಗಳೆಂದು ಕರೆದು, ಅವುಗಳ ಅರ್ಥ ಹೇಳುವ ಗೋಜಿಗೆ ಹೋಗದೆ ಬಿಡಲಾಗಿದೆ.

ಇಷ್ಟೊಂದು ಮಡಿ ಯಾಕೆ ಎನ್ನುವವರಿಗೆ ಸ್ಪೀಕರುಗಳ ಪ್ರಸಂಗ ಸಾಕು. ಆಪಲ್ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರುಗಳಿಗೆ ಮಿತಿಮೀರಿ ವಿದ್ಯುತ್ ಹರಿದರೆ ಸುಟ್ಟೇ ಹೋಗುತ್ತವೆ. ಕಾವಲಿನ ತಂತ್ರಾಂಶ ಸಿದ್ಧವಾಗುವವರೆಗೂ ಅಸಾಹಿಯವರು ಅವುಗಳ ಬಾಯಿ ಮುಚ್ಚಿಯೇ ಇಟ್ಟಿದ್ದರು.

ದುಬಾರಿ ಲ್ಯಾಪ್‌ಟಾಪ್ ಕೊಳ್ಳದವರಿಗೂ ಇದರ ಬಿಸಿ ತಟ್ಟುತ್ತದೆ. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಕೊಂಡ ಮೊಬೈಲಿಗೆ ಕೆಲವು ವರ್ಷಗಳಲ್ಲಿ ಕಂಪೆನಿಯ ಪರಿಷ್ಕರಣೆ ನಿಂತುಹೋಗುತ್ತದೆ. ಪರದೆ ಸರಿಯಿರುತ್ತದೆ, ಚಿಪ್ ಗಟ್ಟಿಯಿರುತ್ತದೆ, ಬ್ಯಾಂಕಿನ ಆ್ಯಪ್ ಮಾತ್ರ ಹಳೆಯ ವ್ಯವಸ್ಥೆಯನ್ನು ಒಲ್ಲೆನ್ನುತ್ತದೆ. ಇಂಥ ಫೋನುಗಳಿಗೆ ಹತ್ತು ವರ್ಷದ ಆಯಸ್ಸು ಕೊಡಬೇಕೆಂದು 2017ರಲ್ಲಿ ಹೊರಟ ‘ಪೋಸ್ಟ್‌ಮಾರ್ಕೆಟ್‌ಓಎಸ್’ ಎಂಬ ಸ್ವಯಂಸೇವಕರ ಯೋಜನೆಯೂ ಹೊಸ ಫೋನು ಕೈಗೆ ಬಂದಾಗ ಮೊದಲು ಕೇಳುವುದು ಅದರ ಡಿವೈಸ್ ಟ್ರೀ ಯಾರಾದರೂ ಬರೆದಿದ್ದಾರೆಯೇ ಎಂದು.