ಹೊಗೆ ಬಂದರೂ ಹಳದಿ ಮಾಸ್ಕ್ ಇಳಿಯುವುದಿಲ್ಲ, ಏಕೆ?

ಓದುಗರೊಬ್ಬರು ಕೇಳಿದ್ದಾರೆ: 'ವಿಮಾನದೊಳಗೆ ಪವರ್ ಬ್ಯಾಂಕ್ ಹೊತ್ತಿಕೊಂಡ ವಿಡಿಯೊ ನೋಡಿದೆ. ಜನ ಕೆಮ್ಮುತ್ತಿದ್ದರೂ ಮೇಲಿನ ಆಮ್ಲಜನಕದ ಮಾಸ್ಕ್ ಇಳಿದಿರಲಿಲ್ಲ. ಕೆಟ್ಟುಹೋಗಿತ್ತೇ?'

ಕೆಟ್ಟಿರಲಿಕ್ಕಿಲ್ಲ. ಅದನ್ನು ಅಲ್ಲಿಟ್ಟಿರುವುದು ಹೊಗೆಗಲ್ಲ, ಒತ್ತಡ ಕುಸಿದಾಗ ಉಸಿರಾಡಲಿಕ್ಕೆ. ಕ್ಯಾಬಿನ್ನಿನ ಗಾಳಿ ಸುಮಾರು 14,000 ಅಡಿ ಎತ್ತರದಲ್ಲಿ ಇರುವಷ್ಟು ತೆಳುವಾದಾಗ ಅದು ತಾನಾಗಿ ಬೀಳುತ್ತದೆ. ಆ ಹಳದಿ ಬಟ್ಟಲಿನಿಂದ ಬರುವುದು ಬರೀ ಆಮ್ಲಜನಕವಲ್ಲ. ಸಣ್ಣ ಕವಾಟಗಳ ಮೂಲಕ ಸುತ್ತಲಿನ ಗಾಳಿಯೂ ಅದರೊಳಗೆ ಬೆರೆಯುತ್ತದೆ. ಸುತ್ತ ಹೊಗೆಯಿದ್ದರೆ ಹೊಗೆಯನ್ನೇ ಎಳೆದುಕೊಂಡಂತೆ. ಮೇಲಾಗಿ, ಉರಿಯುವ ಜಾಗಕ್ಕೆ ಆಮ್ಲಜನಕ ಬಿಡುವುದೆಂದರೆ ಬೆಂಕಿಗೆ ತುಪ್ಪ ಸುರಿದಂತೆಯೇ. ಹಲವು ವಿಮಾನಗಳಲ್ಲಿ ಈ ಆಮ್ಲಜನಕ ಸಿಲಿಂಡರಿನಿಂದ ಬರುವುದೂ ಇಲ್ಲ. ಸೋಡಿಯಂ ಕ್ಲೋರೇಟ್ ತುಂಬಿದ ಪುಟ್ಟ ಡಬ್ಬಿಯೊಳಗೆ ರಾಸಾಯನಿಕ ಕ್ರಿಯೆ ನಡೆದು ಹುಟ್ಟುತ್ತದೆ, ಆಗ ಡಬ್ಬಿ ವಿಪರೀತ ಕಾಯುತ್ತದೆ. 1996ರ ಮೇ 11ರಂದು ಮಯಾಮಿಯಿಂದ ಹೊರಟ ವ್ಯಾಲ್ಯುಜೆಟ್ 592ರ ಸರಕು ಕೋಣೆಯಲ್ಲಿ, ಅವಧಿ ಮೀರಿದ ಇಂಥ ಡಬ್ಬಿಗಳನ್ನು ಸುರಕ್ಷತೆಯ ಟೊಪ್ಪಿ ಹಾಕದೆ ತುಂಬಿದ್ದರು. ಅವೇ ಬೆಂಕಿಗೆ ಕಾರಣವಾಗಿ 110 ಜನ ಸತ್ತರು.

ಪೈಲಟ್‌ಗಳ ಮಾಸ್ಕ್ ಬೇರೆಯದೇ. ಅದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ, ಶೇ 100ರಷ್ಟು ಆಮ್ಲಜನಕ ಕೊಡುತ್ತದೆ. ಗಗನಸಖಿಯರಿಗೆ ತಲೆಯಿಂದ ಕುತ್ತಿಗೆಯವರೆಗೆ ಮುಚ್ಚುವ ಹೊಗೆಗವಸು ಇದೆ, ಸುಮಾರು 15 ನಿಮಿಷ ಬಾಳುತ್ತದೆ. ಪ್ರಯಾಣಿಕರಿಗೆ ಸಿಗುವುದು ಒಂದು ಒದ್ದೆ ಬಟ್ಟೆ ಮತ್ತು 'ಬಗ್ಗಿ ಕೂರಿ' ಎಂಬ ಮಾತು. ಇದು ಅನ್ಯಾಯವೆನಿಸಬಹುದು, ಆದರೆ ಬಗ್ಗುವುದರ ಹಿಂದೆ ಗಟ್ಟಿ ಭೌತಶಾಸ್ತ್ರವಿದೆ.

ಮಳೆಗಾಲದಲ್ಲಿ ಹಂಚಿನ ಮನೆಯ ಒಲೆಗೆ ಹಸಿ ಸೌದೆ ಒಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಗೆ ಮೊದಲು ಹೋಗಿ ಸೇರುವುದು ಅಟ್ಟದಡಿಗೆ. ಅಲ್ಲಿ ದಟ್ಟೈಸಿ, ಚಾಪೆ ಬಿಚ್ಚಿದ ಹಾಗೆ ಮೆಲ್ಲಗೆ ಕೆಳಗಿಳಿಯುತ್ತದೆ. ಬಾಗಿಲಲ್ಲಿ ನಿಂತವರು ಕಣ್ಣುಜ್ಜಿಕೊಂಡು ಕೆಮ್ಮುತ್ತಿದ್ದರೆ, ಒಲೆಯ ಮುಂದೆ ಮಣೆಯ ಮೇಲೆ ಕೂತ ಅಜ್ಜಿ ಊದುಗೊಳವೆ ಹಿಡಿದು ಮಾತಾಡುತ್ತಲೇ ಇರುತ್ತಾಳೆ. ಬಿಸಿ ಹೊಗೆ ಹಗುರ, ಅದಕ್ಕೆ ಮೇಲೇರುತ್ತದೆ, ಅಷ್ಟೇ. ವಿಮಾನದ ಛಾವಣಿ ಅಡುಗೆಮನೆಗಿಂತ ತಗ್ಗು, ಹೊಗೆ ಹೋಗಲು ಹಂಚಿನ ಸಂದೂ ಇಲ್ಲ. ಹಾಗಾಗಿ ಬಾಗಿಲ ಮೇಲಿನ 'ಎಕ್ಸಿಟ್' ಫಲಕವೇ ಮೊದಲು ಮುಳುಗುತ್ತದೆ.

1983ರ ಜೂನ್ 2ರಂದು ಆದದ್ದು ಇದೇ. ಡಲ್ಲಾಸ್‌ನಿಂದ ಟೊರಾಂಟೊಗೆ ಹೊರಟಿದ್ದ ಏರ್ ಕೆನಡಾ 797, ಡಿಸಿ-9 ವಿಮಾನ, ಒಳಗೆ 46 ಜನ. ಹಿಂದಿನ ಶೌಚಾಲಯದ ಫ್ಲಶ್ ಮೋಟರಿನ ಸರ್ಕೀಟ್ ಬ್ರೇಕರ್‌ಗಳು ಜಿಗಿದಾಗ ಕ್ಯಾಪ್ಟನ್‌ಗೆ ಅದು ಮೋಟರಿನ ರಿಪೇರಿಯ ವಿಷಯವೆನಿಸಿತು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿಗೆ ವಾಸನೆ ಬಂತು. ಸಿಬ್ಬಂದಿ ಶೌಚಾಲಯಕ್ಕೆ ಅಗ್ನಿಶಾಮಕ ಸಿಂಪಡಿಸಿದರು, ಬೆಂಕಿ ಗೋಡೆಯ ಹಿಂದೆ ಇತ್ತು. ಪ್ರಯಾಣಿಕರನ್ನು ಮುಂದಕ್ಕೆ ಕೂರಿಸಿ ಒದ್ದೆ ಟವೆಲ್ ಹಂಚಿದರು. ವಿಮಾನ ಸಿನ್ಸಿನಾಟಿಯಲ್ಲಿ ಕ್ಷೇಮವಾಗಿ ನೆಲ ಮುಟ್ಟಿತು. ಬಾಗಿಲು ತೆರೆದರು, ಹೊರಗಿನ ಗಾಳಿ ನುಗ್ಗಿತು, ಒಂದರಿಂದ ಒಂದೂವರೆ ನಿಮಿಷದೊಳಗೆ ಇಡೀ ಕ್ಯಾಬಿನ್ ಭಗ್ಗೆಂದಿತು. 23 ಜನ ಹೊರಬರಲಿಲ್ಲ.

ಒದ್ದೆ ಟವೆಲ್ ಮಸಿಯನ್ನು ತಡೆಯುತ್ತದೆ, ನೀರಿನಲ್ಲಿ ಕರಗುವ ಅನಿಲಗಳನ್ನೂ ಅಷ್ಟಿಷ್ಟು ತಡೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಮಾತ್ರ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಗಣಿ ಸ್ಫೋಟಗಳಲ್ಲಿ ಸುಡದೆಯೂ ಸತ್ತವರ ಹಿಂದೆ ಬಿದ್ದು ಈ ಅನಿಲವನ್ನು ಗುರುತಿಸಿದವನು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್. 1890ರ ದಶಕದಲ್ಲಿ ತಾನೇ ಅದನ್ನು ಉಸಿರಾಡಿ ಪರೀಕ್ಷಿಸಿದ ಆಸಾಮಿ! ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸೀಟಿನ ಸ್ಪಂಜು ಉರಿದರೆ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ.

797ರ ನಂತರ ಅಮೆರಿಕ 1984ರಲ್ಲಿ ಎರಡು ನಿಯಮ ತಂದಿತು: ಸೀಟಿನ ಸ್ಪಂಜಿಗೆ ಬೇಗ ಉರಿಯದ ಹೊದಿಕೆ, ನೆಲದ ಹತ್ತಿರ ದಾರಿ ತೋರುವ ದೀಪ. ಶೌಚಾಲಯದ ಹೊಗೆ ಪತ್ತೆ ಯಂತ್ರ ಆಮೇಲೆ ಬಂತು. ಸುರಕ್ಷತಾ ಪ್ರದರ್ಶನದ ಹೊತ್ತಿಗೆ ಮೊಬೈಲ್ ಉಜ್ಜುತ್ತಾ ಕೂರುವ ನಾವು ಆ ನೆಲದೀಪದ ಸಾಲನ್ನು ಗಮನಿಸುವುದು ಕಡಿಮೆ. ಹಾಗೆಂದು ಬಿಳಿಯಾಗಿ ಬಂದದ್ದೆಲ್ಲ ಹೊಗೆಯಲ್ಲ. ಮಳೆಗಾಲದಲ್ಲಿ ಮಂಗಳೂರಲ್ಲಿ ವಿಮಾನ ಹತ್ತಿದಾಗ ಎಸಿ ಕಿಂಡಿಯಿಂದ ಸುರಿಯುವುದು ಬರೀ ಮಂಜು. ತೇವದ ಗಾಳಿ ತಟ್ಟನೆ ತಣ್ಣಗಾದಾಗ ಹಾಗಾಗುತ್ತದೆ, ವಾಸನೆ ಇರುವುದಿಲ್ಲ. ಅದನ್ನೂ ಚಿತ್ರೀಕರಿಸಿ 'ವಿಮಾನದಲ್ಲಿ ಹೊಗೆ' ಎಂದು ಹಂಚುವವರಿಗೆ ಬರವಿಲ್ಲ.

ಇನ್ನು ಪವರ್ ಬ್ಯಾಂಕ್. ಅಲ್ಲಿ ಉರಿ ಆರಿಸಿದರೆ ಕೆಲಸ ಮುಗಿಯಲಿಲ್ಲ. ಲಿಥಿಯಂ ಬ್ಯಾಟರಿಯ ಒಂದು ಕೋಶ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಹೀಗೆ ಒಂದರ ಹಿಂದೊಂದು. ಆದ್ದರಿಂದ ಸಿಬ್ಬಂದಿ ಮೊದಲು ಹ್ಯಾಲಾನ್ ಎಂಬ ಅಗ್ನಿಶಾಮಕ ಅನಿಲ ಹೊಡೆದು ಜ್ವಾಲೆ ಆರಿಸುತ್ತಾರೆ, ಆಮೇಲೆ ನೀರು ಸುರಿಯುತ್ತಲೇ ಇರುತ್ತಾರೆ. ನೀರು ಸಾಲದಿದ್ದರೆ ಟ್ರಾಲಿಯ ಜ್ಯೂಸ್, ಸೋಡಾ ಆದರೂ ಸರಿ, ಮದ್ಯ ಮಾತ್ರ ಬೇಡ. ಐಸ್ ಕೂಡ ಹಾಕಬಾರದು, ಅದು ಮೇಲೆ ಹೊದ್ದು ಶಾಖವನ್ನು ಒಳಗೇ ಉಳಿಸುತ್ತದೆ. ನಿಮ್ಮ ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಬೇಡಿ. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಇಷ್ಟೂ ಅಲ್ಲೇ ಶುರುವಾಗುತ್ತದೆ. ಗಂಟೆ ಒತ್ತಿ ಸಿಬ್ಬಂದಿಯನ್ನು ಕರೆಯಿರಿ.