ಕಾಲೇಜಿನ ಹೆಣ್ಣುಮಕ್ಕಳೂ ಚೆಂಡಾಟದ ಬಯಲೂ

ವಿದ್ಯೆಯೆಂದರೆ ಪುಸ್ತಕದ ಅಭ್ಯಾಸವೊಂದೇ ಅಲ್ಲ, ದೇಹಬಲವೂ ಅದರ ಒಂದು ಅಂಗವೆಂಬುದನ್ನು ಗಂಡುಮಕ್ಕಳ ವಿಷಯದಲ್ಲಿ ಎಲ್ಲರೂ ಒಪ್ಪುತ್ತಾರೆ. ಹೆಣ್ಣುಮಕ್ಕಳ ಮಾತು ಬಂದಾಗ ಮಾತ್ರ ಈ ಒಪ್ಪಿಗೆಯು ಅರ್ಧದಲ್ಲಿಯೇ ನಿಂತುಹೋಗುವುದು. ಕಲಬುರಗಿಯ ಗಾಜಿಪುರವಾಗಲಿ, ಮತ್ತಾವ ಊರಿನ ಓಣಿಯಾಗಲಿ, ಕುಂಟೆಬಿಲ್ಲೆ ಖೋ ಖೋಗಳನ್ನು ಆಡಿ ನಲಿಯುತ್ತಿದ್ದ ಬಾಲಿಕೆಯರಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಆಟವನ್ನು ಮರೆತಿರುತ್ತಾರೆ. ದೇಹವು ಬಲಿಯಬೇಕಾದ ವಯಸ್ಸಿನಲ್ಲಿಯೇ ಹೀಗಾಗುವುದು ವಿಷಾದದ ಸಂಗತಿ. ಅದೇ ವಯಸ್ಸಿನ ಕಾಲೇಜು ವಿದ್ಯಾರ್ಥಿನಿಯರಿಗಾಗಿ ಅಮೇರಿಕಾ ದೇಶದಲ್ಲಿ ನಡೆಯುವ ಸಾಫ್ಟ್‌ಬಾಲ್ ಪಂದ್ಯಾಟದ ವೃತ್ತಾಂತವನ್ನು ವಾಚಕರು ತಿಳಿದುಕೊಂಡರೆ, ನಮ್ಮ ಮನೆಗಳಲ್ಲಿ ಆಗಬೇಕಾದುದೇನೆಂಬುದೂ ಹೊಳೆದೀತು.

ಈ ಆಟವು ಹುಟ್ಟಿದುದು 1887ರ ನವೆಂಬರಿನಲ್ಲಿ, ಶಿಕಾಗೋ ನಗರದ ಒಂದು ದೋಣಿವಿಹಾರ ಸಂಘದ ಕೋಣೆಯಲ್ಲಿ. ಅಲ್ಲಿ ಕೂಡಿದ್ದ ಯುವಕರಲ್ಲೊಬ್ಬನು ಮುಷ್ಟಿಯುದ್ಧದ ಕೈಚೀಲವನ್ನು ಎಸೆಯಲು, ಮತ್ತೊಬ್ಬನು ಅದನ್ನು ಕೋಲಿನಿಂದ ಹೊಡೆದನು. ಜಾರ್ಜ್ ಹ್ಯಾನ್‌ಕಾಕ್ ಎಂಬವನು ಆ ಚೀಲವನ್ನೇ ಚೆಂಡಿನಂತೆ ಬಿಗಿದುಕಟ್ಟಿ ಆಟಕ್ಕೆ ನಿಯಮಗಳನ್ನು ಕಲ್ಪಿಸಿದನು. ಇಂದಿನ ಚೆಂಡಿನ ಸುತ್ತಳತೆ 12 ಅಂಗುಲ. ಹೆಸರಿನಲ್ಲಿ ಮೆತ್ತಗೆ ಎಂದಿದ್ದರೂ ಚೆಂಡು ಮೆತ್ತಗಿಲ್ಲ. ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿ, ಏಳು ಸರದಿಗಳು. ಎಸೆಯುವವಳು 43 ಅಡಿ ದೂರದಲ್ಲಿ ನಿಂತು, ತೋಳನ್ನು ಗಾಣದಂತೆ ಒಂದು ಸುತ್ತು ತಿರುಗಿಸಿ, ಕೈಯನ್ನು ಕೆಳಗಿನಿಂದ ಬೀಸಿ ಚೆಂಡನ್ನು ಬಿಡುತ್ತಾಳೆ. ನಿಪುಣೆಯಾದರೆ ಅದರ ವೇಗ ಗಂಟೆಗೆ 70 ಮೈಲಿಯನ್ನು ಮುಟ್ಟುವುದು. ದಾಂಡು ಹಿಡಿದವಳಿಗೆ ಆಲೋಚಿಸಲು ದೊರೆಯುವ ಕಾಲ ಅರ್ಧ ಸೆಕೆಂಡಿಗೂ ಕಡಿಮೆ. ಹೊಡೆದಮೇಲೆ 60 ಅಡಿ ಅಂತರದ ಬೇಸುಗಳನ್ನು ಒಂದೊಂದಾಗಿ ಮುಟ್ಟಿ, ಹೊರಟ ಸ್ಥಾನಕ್ಕೆ ಮರಳಿದರೆ ಒಂದು ಓಟ. ಕಣ್ಣು, ಕೈ, ಕಾಲು, ಬುದ್ಧಿ ನಾಲ್ಕೂ ಒಂದೇ ಕ್ಷಣದಲ್ಲಿ ಕೆಲಸಮಾಡಬೇಕು.

ಅಲ್ಲಿನ ಕಾಲೇಜು ಸ್ತ್ರೀಯರ ಪ್ರಥಮ ರಾಷ್ಟ್ರೀಯ ಪಂದ್ಯಾಟವು 1969ರಲ್ಲಿ ಓಮಾಹ ನಗರದಲ್ಲಿ ನಡೆಯಿತು. ಈಗ 64 ತಂಡಗಳಿಂದ ಮೊದಲಾಗಿ, ಕಡೆಗೆ ಉಳಿದ ಎಂಟು ತಂಡಗಳು ಓಕ್ಲಹೋಮಾ ಸಿಟಿಯಲ್ಲಿ ಕೂಡುತ್ತವೆ. ಓಕ್ಲಹೋಮಾ ವಿಶ್ವವಿದ್ಯಾಲಯದವರು 2021ರಿಂದ 2024ರವರೆಗೆ ನಾಲ್ಕು ವರುಷ ಬಿಡದೆ ಗೆದ್ದರು. 2025ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯವು ಮೊಟ್ಟಮೊದಲ ಬಾರಿ ವಿಜಯಿಯಾಯಿತು. ಇಲ್ಲಿನ ಒಂದು ನಿಯಮವು ಗಮನಾರ್ಹವಾದುದು. ಒಮ್ಮೆ ಸೋತ ತಂಡವು ಹೊರಬೀಳುವುದಿಲ್ಲ. ಎರಡನೆಯ ಸಲ ಸೋತರೆ ಮಾತ್ರ ನಿರ್ಗಮಿಸಬೇಕು. ಕೊನೆಗುಳಿದ ಎರಡು ತಂಡಗಳಲ್ಲಿ, ಮೂರು ಆಟಗಳಲ್ಲಿ ಎರಡನ್ನು ಗೆದ್ದವರೇ ವಿಜಯಿಗಳು. ಹೀಗಾಗಿ ನಿನ್ನೆ ಸೋತವರು ಇಂದು ಧೈರ್ಯದಿಂದ ಮತ್ತೆ ಕಣಕ್ಕಿಳಿಯಲು ಅವಕಾಶವುಂಟು.

ಆ ದೇಶದಲ್ಲಿಯೂ ಇದು ತಾನಾಗಿ ಬೆಳೆದುದಲ್ಲ. ಸರಕಾರದ ಧನಸಹಾಯ ಪಡೆಯುವ ವಿದ್ಯಾಕಾರ್ಯಗಳಲ್ಲಿ ಹೆಣ್ಣು ಗಂಡೆಂಬ ಭೇದವನ್ನೆಣಿಸಕೂಡದೆಂದು 1972ರಲ್ಲಿ ಅಲ್ಲಿ ಒಂದು ಶಾಸನವಾಯಿತು. ಅದರಲ್ಲಿ ಆಟದ ಹೆಸರೇ ಇರಲಿಲ್ಲ. ಆದರೂ ಆಟದ ಬಯಲೂ ವಿದ್ಯಾಲಯದ ಭಾಗವೇ ಎಂದು ಅದನ್ನು ಅನ್ವಯಿಸಲಾಯಿತು. 1971–72ರಲ್ಲಿ ಅಲ್ಲಿನ ಪ್ರೌಢಶಾಲೆಗಳ ಆಟದ ತಂಡಗಳಲ್ಲಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಇಂದು ಮೂವತ್ತು ಲಕ್ಷಕ್ಕೂ ಹೆಚ್ಚು. ಹುಡುಗಿಯರ ಆಸಕ್ತಿಯಲ್ಲಿ ಕೊರತೆ ಇರಲಿಲ್ಲ, ಅವಕಾಶದಲ್ಲಿ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮಲ್ಲಿಯೂ ದಾರಿ ಇಲ್ಲದಿಲ್ಲ. 1925ರಲ್ಲಿ ಸ್ಥಾಪಿತವಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಯಿಸುವ ಅಂತರ್ವಿಶ್ವವಿದ್ಯಾಲಯ ಪಂದ್ಯಾಟಗಳಲ್ಲಿ ಸ್ತ್ರೀಯರ ಸಾಫ್ಟ್‌ಬಾಲೂ ಸೇರಿದೆ. ಕಾಲೇಜಿನ ತಂಡದಲ್ಲಿ ಚೆನ್ನಾಗಿ ಆಡಿದವಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಪರರಾಜ್ಯದವರೊಡನೆ ಸೆಣಸಬಹುದು. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ, ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ. ಹಳ್ಳಿಯ ಮಕ್ಕಳಿಗೆ ಇದು ನಿಲುಕದೆಂದು ಹೇಳುವಂತಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನೇಪಾಳದವರನ್ನು 78–40 ಅಂಕಗಳಿಂದ ಸೋಲಿಸಿ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಸ್ತ್ರೀ ತಂಡದಲ್ಲಿ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು.

ಆದರೆ ಯಾವ ಸಂಘವೂ ಯಾವ ಶಾಸನವೂ ಮನೆಯ ಬಾಗಿಲನ್ನು ತೆರೆಯಲಾರದು. ಅಲ್ಲಿ ಅಪ್ಪಣೆ ಕೊಡಬೇಕಾದವರು ತಾಯಿತಂದೆಗಳೇ. ಸಂಜೆ ಕಾಲೇಜಿನಿಂದ ತಡವಾಗಿ ಬರುವ ಮಗಳಿಗೆ ಜೊತೆಯೇನು, ಅವಳ ಪಾಲಿನ ಮನೆಗೆಲಸವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವರೇ, ಬಿಸಿಲಲ್ಲಿ ಮೈ ಕಪ್ಪಾದರೆ ಗಂಡು ದೊರೆಯುವುದೇ ಎಂಬ ಪ್ರಶ್ನೆಗಳು ಅಡುಗೆಮನೆಯಲ್ಲಿಯೇ ತೀರ್ಮಾನವಾಗುತ್ತವೆ. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ, ಅಭ್ಯಾಸವನ್ನು ಬೆಳಗಿನ ತಂಪಿನಲ್ಲಿ ಇಟ್ಟುಕೊಳ್ಳುವುದು ಲೇಸು. ಮಗಳು ಒಬ್ಬಳೇ ಹೋಗುವುದು ಸರಿಯಲ್ಲವೆಂದು ತೋರಿದರೆ, ಓಣಿಯ ನಾಲ್ಕಾರು ಹುಡುಗಿಯರು ಕೂಡಿ ಹೋಗುವಂತೆ ಹಿರಿಯರು ಏರ್ಪಡಿಸಬಹುದು.

ಆಹಾರದ ಮಾತು ಇನ್ನೂ ಮುಖ್ಯವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರುಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿಯೆಂದು ಜರೆಯುವ ಬದಲು ವೈದ್ಯರಿಂದ ರಕ್ತಪರೀಕ್ಷೆ ಮಾಡಿಸುವುದು ಯೋಗ್ಯ. ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ, ಸೊಪ್ಪು, ಮೊಳಕೆಕಾಳುಗಳು ನಮ್ಮ ಸೀಮೆಗೆ ಹೊಸವಲ್ಲ. ಎಲ್ಲರೂ ಉಂಡು ಉಳಿದುದನ್ನಲ್ಲದೆ, ಅಣ್ಣತಮ್ಮಂದಿರೊಡನೆ ಸಮನಾಗಿ ಅವನ್ನು ಅವಳಿಗೂ ಬಡಿಸಬೇಕು.

ಆಡಿದವರೆಲ್ಲರೂ ಕಪ್ಪು ಗೆಲ್ಲಲಾರರು. ಆದರೆ ಸೋತು ಮನೆಗೆ ಬಂದ ಮಗಳಿಗೆ, ಇನ್ನು ಆಟ ಸಾಕೆನ್ನದೆ, ನಾಳೆ ಮತ್ತೆ ಹೋಗೆಂದು ಹೇಳುವ ತಾಯಿತಂದೆಗಳು ನಮ್ಮಲ್ಲಿ ಹೆಚ್ಚಲಿ. ಆರೋಗ್ಯವಂತಳಾದ, ಸೋಲಿಗೆ ಅಂಜದ ಹೆಣ್ಣುಮಗಳು ತಾನು ಸೇರಿದ ಮನೆಗೂ ತವರಿಗೂ ಭೂಷಣವಾಗುವಳೆಂಬುದರಲ್ಲಿ ಸಂದೇಹವಿಲ್ಲ.